ವಾಚ್‌ಮನ್‌ಗೆ ಅವರು, ನನಗೆ ಅದು

ಫೆಬ್ರವರಿ ೩

ಅಕ್ಕನಿಗೆ,

ನಿನ್ನ ಪತ್ರ ಬಂದು ವಾರವಾಯಿತು. ಮೂರು ಪುಟ ಬೈಗುಳ, ಕೊನೆಯಲ್ಲಿ ‘ಆರೋಗ್ಯ ನೋಡಿಕೋ’ ಎಂಬ ಒಂದು ಸಾಲು. ಬೈಗುಳದ ಪ್ರಮಾಣ ನೋಡಿದರೆ ನೀನು ಗಟ್ಟಿಮುಟ್ಟಾಗಿಯೇ ಇದ್ದೀಯ. ನಿನ್ನ ವಾರ್ಡಿನ ರೋಗಿಗಳ ಬಗ್ಗೆ ಮಾತ್ರ ನನಗೆ ಚಿಂತೆ.

ಇಲ್ಲಿ ನನ್ನ ಗ್ರಹಚಾರ ಕೇಳು. ನಮ್ಮ ಹೆಡ್‌ಮಿಸ್ಟ್ರೆಸ್‌ಗೆ ನಾವು ಇಟ್ಟಿರುವ ಹೆಸರು ಸುತ್ತೋಲೆ. ಪಕ್ಕದಲ್ಲೇ ಕೂತವರಿಗೂ ಕಾಗದ ಕಳಿಸಿ ಸಹಿ ಹಾಕಿಸಿಕೊಳ್ಳುವ ಪ್ರಾಣಿ ಅದು. ಕಳೆದ ತಿಂಗಳು ಅದು ಒಂದು ಕಾರ್ಯಾಗಾರಕ್ಕೆ ಹೋಗಿ ಬಂತು. ಬಂದಾಗಿನಿಂದ ಬಾಯಿ ತೆಗೆದರೆ ಫಿನ್ಲೆಂಡ್. ಫಿನ್ಲೆಂಡಿನಲ್ಲಿ ಮಕ್ಕಳಿಗೆ ಹೋಂವರ್ಕ್ ಕಡಿಮೆ, ಫಿನ್ಲೆಂಡಿನಲ್ಲಿ ಮಕ್ಕಳು ಮರ ಹತ್ತುತ್ತಾರೆ, ಫಿನ್ಲೆಂಡಿನಲ್ಲಿ ಟೀಚರ್‌ಗಳು ನಗುತ್ತಾರೆ. ಅದು ಫಿನ್ಲೆಂಡಿಗೆ ಹೋಗಿತ್ತು ಅಂದುಕೊಂಡೆಯಾ? ಫಿನ್ಲೆಂಡಿಗೆ ಹೋಗಿ ಬಂದವರ ಭಾಷಣಕ್ಕೆ ಹೋಗಿತ್ತು. ಅಲ್ಲಿ ಕೊಟ್ಟ ನೀಲಿ ಬ್ಯಾಡ್ಜನ್ನು ಇವತ್ತಿಗೂ ಎದೆಯಿಂದ ತೆಗೆದಿಲ್ಲ.

ಈಗ ನಮ್ಮಲ್ಲಿ ‘ಫಿನ್ಲೆಂಡ್ ಮಾಸ’. ಪ್ರತಿ ಶುಕ್ರವಾರ ಐದನೇ ತರಗತಿಗೆ ಆ ದೇಶದ ಸಂಸ್ಕೃತಿ ಕಲಿಸಬೇಕು, ತಿಂಗಳ ಕೊನೆಗೆ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಕಲಿಸಬೇಕಾದವಳು ನಾನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಮ್ಮಲ್ಲಿ ಕಟ್ಟುವುದಲ್ಲದೆ ಹಾಲೂ ಕರೆದು ತೋರಿಸಬೇಕು. ಮೊನ್ನೆಯೆಲ್ಲ ಹತ್ತಿ ಹರಿದು ಹಿಮ ಮಾಡಿದೆ. ರಟ್ಟಿನ ಪೆಟ್ಟಿಗೆಗೆ ಬಾಗಿಲು ಕತ್ತರಿಸಿ, ಅವರು ಬಿಸಿ ಹಬೆಯಲ್ಲಿ ಕೂತು ಬೆವರುವ ಸೌನಾ ಕೋಣೆ ಮಾಡಿದೆ. ಮಕ್ಕಳು ಅದರೊಳಗೆ ಚಪ್ಪಲಿ ಇಟ್ಟಿದ್ದಾರೆ.

ಇದನ್ನೆಲ್ಲ ನಿನಗೆ ಬರೆಯುವುದಕ್ಕೆ ಕಾರಣವಿದೆ. ಈ ಊರಿನಲ್ಲಿ ಫಿನ್ಲೆಂಡಿನವರು ಅಂತ ಇರುವುದು ಒಬ್ಬಳೇ, ಅವಳು ನಿನ್ನ ಸೊಸೆ. ಕಾಗದದ ಮಿಲ್ಲಿನಲ್ಲಿ ಹೊಸ ಯಂತ್ರ ಕೂರಿಸಲು ಬಂದವಳು ನಿನ್ನ ಮಗನನ್ನೂ ಜೊತೆಗೆ ಕೂರಿಸಿಕೊಂಡಳು. ಮಿಲ್ಲಿನವರು ಅವಳನ್ನು ಮಿಷೀನಮ್ಮ ಅನ್ನುತ್ತಾರೆ. ಸುತ್ತೋಲೆಗೆ ಅದು ಹೇಗೋ ತಿಳಿದು, ‘ನಿಮ್ಮ ಸಂಬಂಧಿಕರನ್ನು ಕರೆತರತಕ್ಕದ್ದು’ ಎಂದು ಕಾಗದ ಬಂತು. ಕರೆಯದೆ ಗತಿಯಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು, ಆದ್ದರಿಂದ ಮೊದಲೇ ತಿಳಿಸುತ್ತಿದ್ದೇನೆ.

ಇನ್ನೊಂದು ಮಾತು. ಯಂತ್ರದ ಕೆಲಸ ಮುಗಿಯುತ್ತ ಬಂತು. ಮಾರ್ಚ್ ಕೊನೆಗೆ ಅವರಿಬ್ಬರೂ ಹೊರಡುತ್ತಾರೆ. ಮುಂದಿನ ಯಂತ್ರ ಇನ್ನೊಂದು ದೇಶದಲ್ಲಿ, ಅದರ ಮುಂದಿನದು ಮತ್ತೆಲ್ಲೋ. ಈ ಕಡೆ ಯಾವಾಗ ಬರುತ್ತಾರೋ ಅವರಿಗೇ ಗೊತ್ತಿಲ್ಲ. ಫೋನ್ ತೆಗೆಸಿ ಕೂತಿದ್ದು ಸಾಕು. ಹೊರಡುವ ಮೊದಲು ಒಮ್ಮೆ ಬಂದು ಮಗನ ಮುಖ ನೋಡು.

ಹತ್ತಿ ಅಂಟಿದ ಕೈಯಿಂದ,
ನಿನ್ನ ತಂಗಿ


ಫೆಬ್ರವರಿ ೧೧

ಲೇ,

ನಿನ್ನ ಶಾಲೆಯ ಕಥೆ ಓದಿ ನಗು ಬರಲಿಲ್ಲ. ಹತ್ತಿಯನ್ನು ಹಿಮ ಅನ್ನುವವರೂ ನೀವೇ, ಮಕ್ಕಳು ಸುಳ್ಳು ಹೇಳುತ್ತಾರೆ ಅಂತ ಬೆತ್ತ ಹಿಡಿಯುವವರೂ ನೀವೇ. ಆಸ್ಪತ್ರೆಯಲ್ಲಿ ಹತ್ತಿಗೆ ಹತ್ತಿ ಅನ್ನುತ್ತೇವೆ.

ಕರೆಸಬೇಕಾದರೆ ಕರೆಸು. ನನ್ನ ಅಪ್ಪಣೆ ಯಾಕೆ? ಅದು ಬಂದು ನಿನ್ನ ಮಕ್ಕಳಿಗೆ ಏನು ಕಲಿಸುತ್ತದೆ ಅನ್ನುವುದು ನನಗೆ ಗೊತ್ತು. ಅತ್ತೆಯನ್ನು ಹೇಗೆ ಮಾತಾಡಿಸಬೇಕು ಎಂದು ಕಲಿಸುತ್ತದೆ.

‘ಕೂತಿದ್ದು ಸಾಕು’ ಎಂದು ಬರೆದಿದ್ದೀಯ. ಏನಾಯಿತೆಂದು ನಿನಗೆ ಇನ್ನೊಮ್ಮೆ ಹೇಳಬೇಕೆ? ಹೇಳುತ್ತೇನೆ. ಕಳೆದ ವರ್ಷ ರಿಜಿಸ್ಟರ್ ಮಾಡಿಸಿಕೊಂಡು ನೇರ ನನ್ನ ಮನೆಗೆ ಬಂದರು. ಬಂದವರಿಗೆ ಬಡಿಸಿ, ಪಾತ್ರೆ ತೊಳೆಯುತ್ತಿದ್ದೆ. ಹಿಂದಿನಿಂದ ಅದು ನನ್ನ ಮಗನನ್ನು ಕೇಳಿತು: “ಅದು ಊಟ ಮಾಡಿತಾ?” ನನ್ನ ಮನೆ, ನಾನು ಮಾಡಿದ ಅಡುಗೆ, ನಾನು ‘ಅದು’. ನಾಯಿಯನ್ನು ಕೇಳುವ ಹಾಗೆ. ನನ್ನ ಮಗ ಏನು ಮಾಡಿದ? ನಕ್ಕ.

ಭಾಷೆ ಬರದವಳು ಎಂದು ನೀನು ಆಗಲೂ ವಕಾಲತ್ತು ಮಾಡಿದ್ದೆ. ಭಾಷೆ ಬರದಿದ್ದರೆ ನಾನೂ ಬಿಡುತ್ತಿದ್ದೆ. ಅದೇ ದಿನ ಮೀಟರ್ ನೋಡುವವನು ಬಂದಾಗ “ಅವರು ಬಂದಿದ್ದಾರೆ” ಅಂದಿತು. ಗೇಟಿನ ವಾಚ್‌ಮನ್ ಬಗ್ಗೆ “ಅವರು ಒಳ್ಳೇವರು” ಅಂದಿತು. ಎಲ್ಲಿ ಯಾವುದನ್ನು ಬಳಸಬೇಕು ಎಂದು ಚೆನ್ನಾಗಿ ಗೊತ್ತು. ವಾಚ್‌ಮನ್‌ಗೆ ಅವರು, ನನಗೆ ಅದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇನ್ನು ಆ ಉಸಿರು. ಹೂಂ ಅನ್ನಬೇಕಾದಾಗಲೆಲ್ಲ ‘ಯೋ’ ಎಂದು ಉಸಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲು ನಾನು ಆಸ್ತಮಾ ಅಂದುಕೊಂಡು ಇನ್ಹೇಲರ್ ಹುಡುಕಿದೆ. ಆಮೇಲೆ ತಿಳಿಯಿತು, ಅದು ಒಪ್ಪಿಗೆಯಂತೆ. ಒಪ್ಪಿಗೆಯನ್ನೂ ಹೊರಗೆ ಬಿಡದ ಜಾತಿ.

ಅದು ನನ್ನ ಹತ್ತಿರ ತಪ್ಪಾಯಿತು ಎನ್ನಲಿ. ಬಾಯಲ್ಲಾದರೂ ಸರಿ, ಬರೆದಾದರೂ ಸರಿ. ಆಗ ಬರುತ್ತೇನೆ. ಇಲ್ಲದಿದ್ದರೆ ಯಂತ್ರದ ಜೊತೆ ಎಲ್ಲಿಗೆ ಬೇಕಾದರೂ ಹೋಗಲಿ. ನನಗೆ ಇನ್ನೂ ಎರಡು ವರ್ಷ ಸರ್ವೀಸ್ ಇದೆ, ಮೂವತ್ತು ಬೆಡ್ಡಿನ ವಾರ್ಡ್ ಇದೆ.

ಕೆಮ್ಮು ಹೋಗಿಲ್ಲವೆಂದು ನಿನ್ನ ಅಕ್ಷರವೇ ಹೇಳುತ್ತಿದೆ. ಬಿಸಿನೀರು ಕುಡಿ.

ಅಕ್ಕ


ಫೆಬ್ರವರಿ ೨೦

ಅಕ್ಕ,

ಮಿಷೀನಮ್ಮ ಎರಡು ಶುಕ್ರವಾರ ಬಂದು ಹೋದಳು. ನಿನಗೆ ಸಂತೋಷವಾಗುವ ಸುದ್ದಿಯೂ ಇದೆ, ಆಗದ ಸುದ್ದಿಯೂ ಇದೆ.

ಸಂತೋಷದ್ದು ಮೊದಲು. ಮೊದಲ ಶುಕ್ರವಾರ ಪೂರ್ತಿ ಸೋತಳು. ಮಿಲ್ಲಿನ ನೀಲಿ ಪ್ಯಾಂಟಿನಲ್ಲೇ ಬಂದು, ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲಿ ನನ್ನ ಕುರ್ಚಿಯ ಮೇಲೆ ಕೂತಳು. ಮೊದಲು ಹತ್ತಿ ಹಿಮವನ್ನು ನೋಡಿದಳು. ಆಮೇಲೆ ಚಪ್ಪಲಿ ತುಂಬಿದ ಸೌನಾ ನೋಡಿದಳು. ಆಮೇಲೆ ಮಕ್ಕಳನ್ನು ನೋಡುತ್ತ ಸುಮ್ಮನೆ ಕೂತಳು. ಸುಮ್ಮನೆ ಅಂದರೆ ಅಷ್ಟಿಷ್ಟಲ್ಲ, ಮಾತು ಮರೆತವರ ಹಾಗೆ. ಸುತ್ತೋಲೆ ಕಿಟಕಿಯಲ್ಲಿ ಮುಖವಿಟ್ಟು ನನಗೆ ಕಣ್ಣು ಬಿಡುತ್ತಿತ್ತು. ಎಂಥ ಸೊಕ್ಕು, ಮಕ್ಕಳ ಜೊತೆ ಮಾತಾಡುವುದಕ್ಕೂ ಇವಳಿಗೆ ಆಹ್ವಾನ ಪತ್ರಿಕೆ ಬೇಕೆ ಎಂದು ನನಗೂ ಮೈ ಉರಿಯಿತು. ಕೊನೆಗೆ ಬೆಲ್ಲಾಗುವ ಹೊತ್ತಿಗೆ “ಚೆನ್ನಾಗಿತ್ತು” ಅಂದು ಬೂಟು ಹಾಕಿಕೊಂಡು ಹೋದಳು.

ಮುಂದಿನ ಬೆಂಚಿನಲ್ಲಿ ಒಂದು ಹುಡುಗಿ ಇದ್ದಾಳೆ. ನಾವು ಅವಳನ್ನು ಪ್ರಶ್ನೆಪತ್ರಿಕೆ ಅಂತಲೇ ಕರೆಯುವುದು. ಎರಡನೇ ಶುಕ್ರವಾರ ಅವಳೇ ಎದ್ದು, “ನೀವು ಹೋದ ಸಲ ಯಾಕೆ ಏನೂ ಹೇಳ್ಲಿಲ್ಲ?” ಎಂದು ಕೇಳಿದಳು. ಮಿಷೀನಮ್ಮ ಅಂದಳು: “ಹೇಳ್ದೆನಲ್ಲ. ಅದೇ ಪಾಠ. ನಮ್ಮಲ್ಲಿ ಸುಮ್ಮನೆ ಕೂತ್ಕೊಳ್ಳೋದು ಮರ್ಯಾದೆ. ನಿಮಗೆ ಗಲಾಟೆ ಮಾಡ್ಬಾರ್ದು ಅಂತ ಕೂತೆ.”

ಅಲ್ಲಿಗೆ ನನ್ನ ಕ್ಲಾಸು ಕೆಟ್ಟಿತು. ಈಗ ಮಗ್ಗಿ ಕೇಳಿದರೆ ಹಿಂದಿನ ಬೆಂಚಿನವರು ಸುಮ್ಮನೆ ಕೂತು ನನಗೆ ಮರ್ಯಾದೆ ಕೊಡುತ್ತಾರೆ. ಹಾಜರಿ ಕರೆದರೆ ಒಬ್ಬೊಬ್ಬರೂ ‘ಯೋ’ ಎಂದು ಉಸಿರೆಳೆದುಕೊಳ್ಳುತ್ತಾರೆ. ನಿನ್ನ ವಾರ್ಡಿನ ಹಾಗೆ ಕೇಳಿಸುತ್ತದೆ.

ಈಗ ಸಂತೋಷವಾಗದ ಸುದ್ದಿ. ಹೊರಡುವಾಗ ಅವಳನ್ನು ಗೇಟಿನವರೆಗೆ ಬಿಟ್ಟು, ನಿನ್ನ ಮಾತೆತ್ತಿದೆ. ಮುಖ ಬಾಡುತ್ತದೆ, ಆಗ ನೀನು ಹೇಳಿದ್ದನ್ನು ಹೇಳೋಣ ಎಂದುಕೊಂಡಿದ್ದೆ. ಮುಖ ಅರಳಿತು ಕಣೇ. ಅವಳ ಮಾತನ್ನೇ ಬರೆಯುತ್ತೇನೆ:

“ನಿಮ್ಮ ಅಕ್ಕ? ಅದು ತುಂಬಾ ಒಳ್ಳೇದು. ಇಲ್ಲಿ ಎಲ್ಲರೂ ಕೇಳ್ತಾರೆ. ಮಗು ಯಾವಾಗ, ಸಂಬಳ ಎಷ್ಟು, ಕೂದಲಿಗೆ ಬಣ್ಣ ಹಾಕಿದ್ದಾ. ಅದು ಏನೂ ಕೇಳಲ್ಲ. ಬರಲ್ಲ, ಹೋಗಲ್ಲ. ನಮಗೆ ತೊಂದರೆ ಆಗ್ಬಾರ್ದು ಅಂತ ಫೋನೇ ತೆಗೆಸಿತು. ನಮ್ಮೂರಿನ ಅಮ್ಮಂದಿರ ಥರ.”

ನೀನು ಮುನಿಸಿಕೊಂಡಿದ್ದೀಯ ಎಂಬುದೇ ಅವಳಿಗೆ ಗೊತ್ತಿಲ್ಲ. ನಿನ್ನ ಮಗ ಹೇಳಿಲ್ಲ. ಅವನನ್ನು ಕೇಳಿದ್ದಕ್ಕೆ, “ಹೇಳಿದ್ರೆ ಅವಳು ಕನ್ನಡ ಮಾತಾಡೋದೇ ಬಿಟ್ಬಿಡ್ತಾಳೆ ಚಿಕ್ಕಮ್ಮ, ಹೆಂಗೋ ನಡೀತಿದೆ, ನಡೀಲಿ ಬಿಡಿ” ಅಂದ. ಅವನಪ್ಪನ ಮಗ, ಸೂರು ಸೋರಿದರೆ ಹಾಸಿಗೆ ಸರಿಸುವವನು.

ಈಗ ನಾನು ಏನು ಹೇಳಲಿ?

ನಿನ್ನ ತಂಗಿ


ಫೆಬ್ರವರಿ ೨೬

ಲೇ,

ನಾನು ಇಷ್ಟು ತಿಂಗಳು ಹಲ್ಲು ಕಚ್ಚಿಕೊಂಡು ಕೂತಿದ್ದನ್ನು ಅದು ಸೌಜನ್ಯ ಅಂದುಕೊಂಡಿತೆ? ಮಗನ ದನಿ ಕೇಳಬಾರದೆಂದು ಫೋನ್ ತೆಗೆಸಿದವಳು ನಾನು. ಪಕ್ಕದ ಮನೆಯ ಫೋನ್ ಹೊಡೆದುಕೊಂಡರೂ ಎದ್ದು ನಿಲ್ಲುತ್ತಿದ್ದವಳು ನಾನು. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬೈದರೆ ಬೈದದ್ದು ತಿಳಿಯಬೇಕು, ಮುನಿಸಿಕೊಂಡರೆ ಮುನಿಸಿಕೊಂಡದ್ದಾದರೂ ತಿಳಿಯಬೇಡವೆ? ಎಂಥ ಮನೆತನದಿಂದ ಬಂದಿದೆಯೋ.

ಹೇಳು. ಬಿಡಿಸಿ ಹೇಳು. ಅತ್ತೆಗೆ ಸಿಟ್ಟು ಬಂದಿದೆ, ಇದು ಸಿಟ್ಟು, ಮರ್ಯಾದೆಯಲ್ಲ ಅಂತ ಬೋರ್ಡಿನ ಮೇಲೆ ಬರೆದು ತೋರಿಸು. ನೀನು ಟೀಚರ್ ಅಲ್ಲವೆ.

ಇನ್ನೊಂದು. ನೀನು ಯಾವತ್ತೂ ಗೆರೆ ಎಳೆದ ಶಾಲೆಯ ಹಾಳೆಯಲ್ಲಿ ಬರೆಯುವವಳು. ಈ ಸಲ ಬಂದದ್ದು ದಪ್ಪ ಬಿಳೀ ಕಾಗದ, ಅಂಚು ಮಾತ್ರ ಒರಟು. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ, ಮಿಲ್ಲಿನ ನಮೂನೆ ಹಾಳೆ. ಮೂಲೆಯಲ್ಲಿ ಕಾಫಿ ಲೋಟದ ಗುರುತೂ ಇದೆ. ಗೇಟಿನವರೆಗೆ ಬಿಟ್ಟೆ ಅಂತ ಬರೆದಿದ್ದೀಯ. ಆ ಗೇಟು ಯಾರ ಮನೆಯದು?

ಅಕ್ಕ


ಮಾರ್ಚ್ ೮

ಅಕ್ಕ,

ಹೌದು, ಅವರ ಮನೆಗೆ ಹೋಗುತ್ತೇನೆ. ಮೂರು ಸಲ ಹೋಗಿದ್ದೇನೆ. ನಿನಗೆ ಹೇಳಿದರೆ ನನ್ನನ್ನೂ ‘ಅದು’ ಮಾಡುತ್ತೀಯ ಅಂತ ಬರೆದಿರಲಿಲ್ಲ. ಅಲ್ಲಿ ಕಾಫಿ ಎಷ್ಟು ಕುಡಿಯುತ್ತಾರೆ ಅಂದರೆ ನೀರಿನ ಮಾತೇ ಇಲ್ಲ. ಮಾತೂ ಕಡಿಮೆ. ನಾಲ್ಕು ಗಂಟೆ ಬಾಯಿ ಬಡಿದುಕೊಂಡು ಬಂದ ಟೀಚರಿಗೆ ಅದು ಎಂಥ ಸುಖ ಅಂತ ನಿನಗೆ ತಿಳಿಯುವುದಿಲ್ಲ.

ಈಗ ಇನ್ಸ್‌ಪೆಕ್ಟರ್ ಬಂದ ದಿನದ ಕಥೆ. ಕೂತು ಓದು, ನಿಂತು ಓದಿದರೆ ಬಿದ್ದೀಯ.

ಮಿಷೀನಮ್ಮನ ಕೊನೆಯ ಪಾಠ ಮಾತಿನ ಬಗ್ಗೆ. ಬೋರ್ಡಿನ ಮೇಲೆ ಎರಡು ಪದ ಬರೆದಳು. ‘ಹ್ಯಾನ್’, ‘ಸೆ’. ಅವರ ಭಾಷೆಯಲ್ಲಿ ಅವನು ಅವಳು ಅಂತ ಬೇರೆ ಇಲ್ಲವಂತೆ, ಎರಡಕ್ಕೂ ಹ್ಯಾನ್. ‘ಸೆ’ ಅಂದರೆ ನಮ್ಮ ಅದು. “ಆದ್ರೆ ಹ್ಯಾನ್ ಪುಸ್ತಕದಲ್ಲಿ, ರೇಡಿಯೋದಲ್ಲಿ” ಅಂದಳು. “ಮನೇಲಿ ಎಲ್ಲರೂ ಸೆ. ನಮ್ಮ ಅಮ್ಮ, ಅದು. ನನ್ನ ಗಂಡ, ಅದು. ಫ್ರೆಂಡು, ಅದು.” ಪ್ರಶ್ನೆಪತ್ರಿಕೆ ಎದ್ದು, “ನಾಯಿ?” ಅಂದಳು. ಮಿಷೀನಮ್ಮ ಸ್ವಲ್ಪ ಯೋಚಿಸಿ, “ನಾಯಿಗೆ ಹ್ಯಾನ್ ಅಂತೀವಿ ಒಂದೊಂದ್ಸಲ. ಮುದ್ದಿಗೆ” ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾಯಿಗೆ ಹ್ಯಾನ್, ಗಂಡನಿಗೆ ಅದು ಅಂದರೆ ಐದನೇ ತರಗತಿಗೆ ಇನ್ನೇನು ಬೇಕು?

ನಾನು ಮಾತ್ರ ನಗಲಿಲ್ಲ. ನಾನೇ ಕೇಳಿದೆ: “ಹಾಗಾದ್ರೆ ವಾಚ್‌ಮನ್?”

“ಅವರು,” ಅಂದಳು. “ಅವರು ಹೊರಗಿನವರು.”

ಕೇಳಿಸಿತಾ ಅಕ್ಕ? ನಿನ್ನ ಅಂಗೈ ಹುಣ್ಣಿಗೆ ಕನ್ನಡಿ ಸಿಕ್ಕಿತು. ಅವಳ ಲೆಕ್ಕದಲ್ಲಿ ಅವರು ಅಂದರೆ ಬಾಗಿಲಾಚೆ ನಿಂತವರು. ಬಾಗಿಲ ಒಳಗಿರುವವರು ಅದು. ಮನೆಗೆ ಬಂದ ಮೊದಲ ದಿನವೇ ನಿನ್ನನ್ನು ಒಳಗೆ ಹಾಕಿಕೊಂಡಿದ್ದಳು. ನೀನು ಪಾತ್ರೆ ಕುಕ್ಕಿ ಹೊರಗೆ ಹೋಗಿ ಕೂತೆ.

ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಕೈ ಎತ್ತಿದಳು. “ನಮ್ಮಲ್ಲಿ ಕಸಪೊರಕೆಗೆ ಅದು ಅಂತಾರೆ. ಚಿಕ್ಕ ಪಾಪೂಗೆ ಅಂತಾರೆ. ಆಮೇಲೆ ಯಾರ ಕಂಡ್ರೆ ಆಗಲ್ವೋ ಅವರಿಗೆ ಅಂತಾರೆ.” ಮಿಷೀನಮ್ಮನ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು. “ಅತ್ತೆಗೆ?” ಅಂತ ಕೇಳಿದಳು. ಇಡೀ ಕ್ಲಾಸು ಒಟ್ಟಿಗೆ “ಅವರು” ಅಂತ ಕೂಗಿತು. ಮಗ್ಗಿಯನ್ನು ಒಂದು ದಿನವೂ ಹಾಗೆ ಒಟ್ಟಿಗೆ ಕೂಗಿದ್ದಿಲ್ಲ.

ಆಗ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳಿಗೆ ತಿಳಿಯಿತು. ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ.

ಆ ಹೊತ್ತಿಗೇ ಇನ್ಸ್‌ಪೆಕ್ಟರನ್ನು ಮುಂದಿಟ್ಟುಕೊಂಡು ಸುತ್ತೋಲೆಯ ಸವಾರಿ ಬಂತು. ಹಿಂದಿನ ಬೆಂಚಿನ ಮಹಾನುಭಾವನೊಬ್ಬ ಎದ್ದು ನಿಂತು, ಬ್ಯಾಡ್ಜಿನ ಕಡೆ ಬೆರಳು ತೋರಿಸಿ, “ಅದು ನಮ್ಮ ಹೆಡ್‌ಮಿಸ್ಟ್ರೆಸ್ಸು. ಅದು ತುಂಬಾ ಒಳ್ಳೇದು” ಅಂದ. ಫಿನ್ಲೆಂಡಿನ ರೀತಿ ಹೊಗಳಿದ್ದಾನಂತೆ. ಇನ್ಸ್‌ಪೆಕ್ಟರ್ ಕೆಮ್ಮಿದರು. ನನಗೆ ಮೆಮೋ ಬಂದಿದೆ, ಫಿನ್ಲೆಂಡ್ ಮಾಸ ಅಲ್ಲಿಗೆ ಮುಗಿಯಿತು. ಬ್ಯಾಡ್ಜ್ ಕೂಡ ಎದೆಯಿಂದ ಇಳಿಯಿತು.

ನಿನ್ನನ್ನು ಒಂದು ಮಾತು ಕೇಳುತ್ತೇನೆ. ನಾನು ಸುತ್ತೋಲೆಯನ್ನು ಅದು ಅನ್ನುವುದು ತಿರಸ್ಕಾರಕ್ಕೆ, ಒಪ್ಪಿದೆ. ನೀನು? ಮೂವತ್ತು ವರ್ಷದಿಂದ ಮನುಷ್ಯರನ್ನು ಬೆಡ್ಡು ಅಂತ ಕರೆಯುತ್ತಿದ್ದೀಯ. ‘ಹತ್ತನೇ ಬೆಡ್ಡು ಮಾತ್ರೆ ನುಂಗಿತಾ, ಹದಿನಾಲ್ಕು ಎದ್ದು ಕೂತಿತಾ.’ ಅವರ ಮಕ್ಕಳೆಲ್ಲ ಫೋನ್ ತೆಗೆಸಿ ಕೂತರಾ?

ತಂಗಿ


ಮಾರ್ಚ್ ೧೭

ಅಕ್ಕ,

ನೀನು ಉತ್ತರ ಬರೆದಿಲ್ಲ. ನೀನು ಫಿನ್ಲೆಂಡಿನವಳ ಹಾಗೆ ಮರ್ಯಾದೆ ಕೊಡುತ್ತಿದ್ದೀಯೋ, ನಮ್ಮ ಮನೆತನದ ಹಾಗೆ ಮುನಿಸಿಕೊಂಡಿದ್ದೀಯೋ ನನಗೆ ತಿಳಿಯದು.

ನೀನು ಕೇಳಿದ್ದು ಇದರ ಜೊತೆಗಿದೆ. ನಿನ್ನ ಸೊಸೆ ಬರೆದ ಕ್ಷಮಾಪಣೆ. ತಾನೇ ಬರೆದು, ಶಾಲೆಯ ಗೇಟಿನ ಹತ್ತಿರ ನಿಂತು, ಪ್ರಶ್ನೆಪತ್ರಿಕೆಯ ಕೈಲಿ ತಿದ್ದಿಸಿದಳು. ಕೆಂಪು ಶಾಯಿಯದೆಲ್ಲ ಆ ಹುಡುಗಿಯದು. ಕೊನೆಯಲ್ಲಿ ‘ಉತ್ತಮ’ ಅಂತ ಬರೆದವಳೂ ಅವಳೇ.

ನಿನ್ನ ಮಗ ಹೇಳಿದಂತೆಯೇ ಆಯಿತು. ಅವಳು ಕನ್ನಡ ಆಡುವುದು ಕಡಿಮೆ ಮಾಡಿದ್ದಾಳೆ. ಒಂದೊಂದು ಪದಕ್ಕೂ ನಿಂತು, ಗುಂಡಿ ದಾಟುವವರ ಹಾಗೆ ನೋಡಿಕೊಂಡು ಕಾಲಿಡುತ್ತಾಳೆ. ಮೊನ್ನೆ ಹೋದಾಗ ಪೆಟ್ಟಿಗೆ ತುಂಬುತ್ತಿದ್ದಳು. ನಿನ್ನ ಮಾತು ಬಂತು. “ಅವರು ಕೆಲಸದಲ್ಲಿ ಇರ್ತಾರೆ. ಅವರಿಗೆ ತೊಂದರೆ ಕೊಡೋದು ಬೇಡ” ಅಂದಳು. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಕಾಫಿ ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ನಾವು ಐದನೇ ತರಗತಿಯವರೆಲ್ಲ ಸೇರಿ ಅವಳಿಗೆ ಏನು ಕಲಿಸಿದೆವು?

ಮುಂದಿನ ವಾರದ ಕೊನೆಗೆ ಹೊರಡುತ್ತಾರೆ. ನೀನು ಕೇಳಿದ್ದು ಬಂದಾಯಿತು. ಇನ್ನು ನಿನ್ನ ಇಷ್ಟ.

ತಂಗಿ


ಮಾರ್ಚ್ ೨೨

ಲೇ,

ಉತ್ತರ ಬರೆಯದೆ ಇದ್ದದ್ದು ವಾರ್ಡಿನಲ್ಲಿ ಕೆಲಸ ಹೆಚ್ಚಾಗಿತ್ತು ಅಂತ. ನಂಬಿದರೆ ನಂಬು.

ನಿನ್ನ ಪ್ರಶ್ನೆಪತ್ರಿಕೆ ತಿದ್ದಿದ ಕಾಗದ ಓದಿದೆ. ‘ಗೌರವಾನ್ವಿತ ಅತ್ತೆಯವರಲ್ಲಿ, ತಮ್ಮ ಮನಸ್ಸಿಗೆ ನೋವುಂಟು ಮಾಡಿದ್ದಕ್ಕಾಗಿ ಕ್ಷಮೆ ಕೋರುತ್ತೇನೆ, ತಾವು ದಯವಿಟ್ಟು ಮನ್ನಿಸಬೇಕು.’ ಸೂಪರಿಂಟೆಂಡೆಂಟ್‌ಗೆ ರಜಾ ಅರ್ಜಿ ಬರೆದ ಹಾಗಿದೆ. ಇದನ್ನು ಓದಿ ಕರಗುವುದಕ್ಕೆ ನಾನು ಸರ್ಕಾರಿ ಕಚೇರಿಯೇ? ಎರಡು ಸಲ ಓದಿದೆ. ಎಲ್ಲ ತಾವು, ಎಲ್ಲ ಅವರು. ಕೊನೆಗೂ ನನ್ನನ್ನು ವಾಚ್‌ಮನ್ ಸಾಲಿಗೆ ಸೇರಿಸಿದಿರಿ. ನಾನೇ ಕೇಳಿ ಪಡೆದುಕೊಂಡದ್ದು, ಯಾರನ್ನು ಅನ್ನಲಿ?

ಬೆಡ್ಡುಗಳ ವಿಷಯಕ್ಕೆ ಹೀಯಾಳಿಸಿದ್ದೀಯ. ಹದಿನಾಲ್ಕನೇ ಬೆಡ್ಡಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ನೋಡುವವರು ಯಾರೂ ಬರುವುದಿಲ್ಲ. ನಿನ್ನ ಪತ್ರ ಬಂದ ಮಾರನೇ ಬೆಳಿಗ್ಗೆ ಡ್ಯೂಟಿಗೆ ಹೋದವಳೇ ಹೊಸ ನರ್ಸ್ ಹುಡುಗಿಯನ್ನು ಕೇಳಿದೆ: “ಅದು ಏನಾದ್ರೂ ತಿಂತಾ?” ಕೇಳಿದ್ದು ನನ್ನ ಕಿವಿಗೇ ಬಿತ್ತು. ಟ್ರೇ ಹಿಡಿದುಕೊಂಡು ಅಲ್ಲೇ ನಿಂತೆ. ಸೂಪರಿಂಟೆಂಡೆಂಟ್‌ಗೆ ನಾನು ಅವರು ಅನ್ನುತ್ತೇನೆ, ಎದ್ದು ನಿಲ್ಲುತ್ತೇನೆ. ಆ ಮನುಷ್ಯ ಊಟ ಮಾಡಿದನೋ ಇಲ್ಲವೋ ಎಂದು ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿದವಳಲ್ಲ.

ಆವತ್ತು ನನ್ನ ಅಡುಗೆಮನೆಯಲ್ಲಿ ಎಲ್ಲರೂ ಉಂಡೆದ್ದಿದ್ದರು. ನನ್ನ ಮಗನೂ ಉಂಡು ಕೈ ಒರೆಸಿಕೊಳ್ಳುತ್ತಿದ್ದ. ನಾನು ಉಂಡೆನೋ ಇಲ್ಲವೋ ಎಂದು ಕೇಳಿದ್ದು ಅವಳೊಬ್ಬಳೇ. ನಾನು ‘ಅದು’ ಅನ್ನುವುದನ್ನಷ್ಟೇ ಕೇಳಿಸಿಕೊಂಡೆ. ಆವತ್ತು ನಾನು ಉಂಡಿರಲಿಲ್ಲ ಕಣೇ.

ಸಾಕು. ಇದನ್ನೆಲ್ಲ ಬರೆದೆನೆಂದು ಜಟ್ಟಿ ಬಿದ್ದಳು, ಮೀಸೆ ಮಣ್ಣಾಯಿತು ಎಂದು ಕುಣಿಯಬೇಡ. ನನಗೆ ಮೀಸೆಯೂ ಇಲ್ಲ, ನಿನಗೆ ಕುಣಿಯಲೂ ಬರುವುದಿಲ್ಲ.

ಬುಧವಾರ ಬೆಳಗಿನ ಗಾಡಿಗೆ ಬರುತ್ತೇನೆ. ರಜೆ ಬರೆದುಕೊಟ್ಟಿದ್ದೇನೆ, ಅವರು ಹೊರಡುವವರೆಗೂ ಇರುತ್ತೇನೆ. ಮಗನಿಗೆ ಹೇಳು, ಸ್ಟೇಷನ್ನಿಗೆ ಬಂದು ಪೆಟ್ಟಿಗೆ ಹೊರಲಿ. ನಗುವ ಹೊತ್ತಿನಲ್ಲಿ ಹೆಂಡತಿಯ ಮಾತಿಗೆ ಅರ್ಥ ಹೇಳಿದ್ದರೆ ನನ್ನ ಫೋನ್ ಗೋಡೆಯ ಮೇಲೇ ಇರುತ್ತಿತ್ತು. ಅವನಿಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ. ನಿನ್ನ ಹತ್ತಿಯನ್ನು ಎಸೆಯಬೇಡ, ವಾರ್ಡಿಗೆ ಆಗುತ್ತದೆ.

ಆ ಕೆಂಪು ಶಾಯಿಯ ಕಾಗದವನ್ನು ವಾಪಸು ಕಳಿಸಿದ್ದೇನೆ, ನನಗೆ ಬೇಡ. ನನ್ನ ಸೊಸೆಗೆ ಹೇಳು, ಗಾಡಿಯಲ್ಲಿ ನಾನು ಏನೂ ತಿನ್ನುವುದಿಲ್ಲ, ಹಸಿದುಕೊಂಡೇ ಬರುತ್ತೇನೆ. ಮನೆಗೆ ಬಂದ ಮೇಲೆ ಅವಳೇ ಕೇಳಲಿ. ಹೇಗೆ ಕೇಳಬೇಕು ಅನ್ನುವುದು, ನಿನ್ನ ಐದನೇ ತರಗತಿ ಕೆಡಿಸುವ ಮೊದಲು, ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ